ಮೇಷ್ಟರ ಮೇಜಿನಿಂದ: ಸ್ಕೇಲನ್ನು ನೆಟ್ಟಗೆ ಹಿಡಿದಾಗ

ಹೋದ ಸಂಚಿಕೆಯಲ್ಲಿ ಫಂಕ್ಷನ್ ಬಗ್ಗೆ ನಾಲ್ಕು ಸಾಲು ಬರೆದು ಮುಗಿಯಿತೆಂದುಕೊಂಡಿದ್ದೆ: ಒಂದು ಎಕ್ಸ್ ಕೊಟ್ಟರೆ ಒಂದೇ ವೈ ಕೊಡುವ ಸಂಬಂಧ ಫಂಕ್ಷನ್, ನೆಟ್ಟಗೆರೆ ಅದರ ನಕ್ಷೆಯನ್ನು ಎಲ್ಲೂ ಒಂದಕ್ಕಿಂತ ಹೆಚ್ಚು ಕಡೆ ಮುಟ್ಟಬಾರದು ಎಂಬುದು ಲಂಬರೇಖೆ ಪರೀಕ್ಷೆ. ಈ ತಿಂಗಳ ಪತ್ರಗಳ ಕಟ್ಟು ಬಿಚ್ಚಿದರೆ ಐದು ಪತ್ರಗಳು ಅದೇ ವಿಷಯ ಹಿಡಿದು ಜಗ್ಗುತ್ತಿವೆ. ಕೆಲವು ಪುಸ್ತಕಗಳು ಫಂಕ್ಷನ್ ಅನ್ನು ಫಲನ ಎನ್ನುತ್ತವೆ, ಕೆಲವು ಉತ್ಪನ್ನ ಎನ್ನುತ್ತವೆ. ಮೂವತ್ತನಾಲ್ಕು ವರ್ಷ ಪಿಯು ತರಗತಿಯಲ್ಲಿ ಫಂಕ್ಷನ್ ಎಂದೇ ಹೇಳಿದ ನಾಲಿಗೆ ನನ್ನದು, ಈಗ ತಿರುಗುವುದಿಲ್ಲ.

ಪ್ರಶ್ನೆ: ಸರ್, ನಾನು ಪ್ರಥಮ ಪಿಯುಸಿ ಓದುತ್ತಿದ್ದೇನೆ. ಕಿರುಪರೀಕ್ಷೆಯಲ್ಲಿ ವೃತ್ತದ ನಕ್ಷೆ ಕೊಟ್ಟು ‘ಇದು ಫಂಕ್ಷನ್ ಹೌದೇ? ಕಾರಣ ಕೊಡಿ’ ಎಂದು ಕೇಳಿದ್ದರು. ‘ಅಲ್ಲ, ಏಕೆಂದರೆ ಲಂಬರೇಖೆ ಎರಡು ಕಡೆ ಛೇದಿಸುತ್ತದೆ’ ಎಂದು ಬರೆದೆ. ಎರಡು ಅಂಕಕ್ಕೆ ಒಂದೇ ಬಂತು. ಕಾರಣ ಬರೆದಿಲ್ಲವಂತೆ. ಅದೇ ಕಾರಣವಲ್ಲವೇ? ಮತ್ತೆ, ಅಡ್ಡಗೆರೆ ಏಕೆ ಎಳೆಯಬಾರದು?
— ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಬೇಸರ ಮಾಡಿಕೊಳ್ಳಬೇಡ ಮಗು, ನಾನು ಅಂಕ ಕಳೆದವರ ಪಕ್ಷ. ‘ಜ್ವರ ಇದೆಯೆಂದು ಹೇಗೆ ಗೊತ್ತಾಯಿತು?’ ಎಂದರೆ ‘ಥರ್ಮಾಮೀಟರ್ 102 ತೋರಿಸಿತು’ ಎನ್ನಬಹುದು. ‘ಜ್ವರ ಏಕೆ ಬಂತು?’ ಎಂದಾಗಲೂ ಅದನ್ನೇ ಹೇಳಿದರೆ ಡಾಕ್ಟರು ನಗುತ್ತಾರೆ. ಗೆರೆ ಎರಡು ಕಡೆ ಛೇದಿಸಿತು ಎಂಬುದು ಥರ್ಮಾಮೀಟರಿನ ಮಾತು.

ಮೌಲ್ಯಮಾಪನಕ್ಕೆ ಕೂತು ಕಟ್ಟುಗಟ್ಟಲೆ ಉತ್ತರಪತ್ರಿಕೆ ತಿದ್ದಿದವನು ನಾನು. ಇಂಥ ಪ್ರಶ್ನೆ ಬಂದಾಗಲೆಲ್ಲ ಹೆಚ್ಚಿನವರು ಬರೆಯುತ್ತಿದ್ದದ್ದು ನಿನ್ನ ಸಾಲನ್ನೇ. ಒಬ್ಬ ಮಾತ್ರ ವೃತ್ತದ ಪಕ್ಕದಲ್ಲಿ ‘3 ಕೊಟ್ಟರೆ ಇದು ಎರಡು ನಾಲಿಗೆ ಆಡುತ್ತದೆ’ ಎಂದು ಬರೆದಿದ್ದ. ಪರೀಕ್ಷೆಗೆ ತಕ್ಕ ಭಾಷೆ ಅದಲ್ಲ. ಆದರೂ ಪೂರ್ತಿ ಅಂಕ ಕೊಟ್ಟೆ. ಅವನಿಗೆ ವಿಷಯ ತಿಳಿದಿತ್ತು.

ಹಾಲಿನ ಡೇರಿಗೆ ಒಮ್ಮೆ ಹೋಗಿ ನಿಂತು ನೋಡು. ಬೆಳಿಗ್ಗೆ ಕ್ಯಾನು ಹಿಡಿದವರ ಸಾಲು. ಹಾಲು ಅಳೆಯುತ್ತಾರೆ, ಒಂದಿಷ್ಟು ಸ್ಯಾಂಪಲ್ ತೆಗೆದು ಯಂತ್ರಕ್ಕೆ ಹಿಡಿಯುತ್ತಾರೆ, ಕೈಗೊಂದು ಚೀಟಿ ಬರುತ್ತದೆ. ಒಂದು ದಿನದ ಚೀಟಿಗಳನ್ನೆಲ್ಲ ಕಲೆಹಾಕಿ ಗ್ರಾಫ್ ಹಾಳೆಯ ಮೇಲೆ ಗುರುತಿಸೋಣ: ಅಡ್ಡ ಅಕ್ಷದಲ್ಲಿ ಲೀಟರ್, ನೆಟ್ಟ ಅಕ್ಷದಲ್ಲಿ ರೂಪಾಯಿ. ಒಬ್ಬರ ಮನೆಯಲ್ಲಿ ಜೆರ್ಸಿ ಹಸು, 5 ಲೀಟರ್ ಹಾಕಿದ್ದಾರೆ. ಇನ್ನೊಬ್ಬರದು ಎಚ್‌ಎಫ್ ತಳಿ, ಅವರದೂ 5 ಲೀಟರ್. ಜೆರ್ಸಿ ಹಾಲಿನಲ್ಲಿ ಸಾಮಾನ್ಯವಾಗಿ ಕೊಬ್ಬಿನಂಶ ಹೆಚ್ಚು. ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ದರ ಕಟ್ಟುವ ಡೇರಿಯಲ್ಲಿ ಇಬ್ಬರ ಚೀಟಿಯಲ್ಲೂ ಬೇರೆ ಬೇರೆ ಮೊತ್ತ ಇರುತ್ತದೆ. ಈಗ 5ರ ಮೇಲೆ ಸ್ಕೇಲನ್ನು ನೆಟ್ಟಗೆ ಹಿಡಿ. ಒಂದರ ಮೇಲೊಂದು ಎರಡು ಚುಕ್ಕಿ.

‘5 ಲೀಟರಿಗೆ ಎಷ್ಟು ರೂಪಾಯಿ?’ ಎಂದು ಯಾರಾದರೂ ಕೇಳಿದರೆ ಈ ಹಾಳೆ ಒಂದು ಉತ್ತರ ಕೊಡಲಾರದು. ‘ಯಾರ ಮನೆಯ ಹಾಲು?’ ಎಂದು ತಿರುಗಿ ಕೇಳುತ್ತದೆ. ಅಂದರೆ ರೂಪಾಯಿ ಬರೀ ಲೀಟರಿನ ಫಂಕ್ಷನ್ ಆಗಿಲ್ಲ. ಡೇರಿಯ ಲೆಕ್ಕ ತಪ್ಪೆಂದು ಇದರ ಅರ್ಥವಲ್ಲ, ನಾವು ಅಕ್ಷದ ಮೇಲೆ ಹಾಕದೆ ಬಿಟ್ಟ ಇನ್ನೊಂದು ಸಂಗತಿ ಇದೆ, ಅದು ಫ್ಯಾಟು. ಎಲ್ಲರ ಹಾಲೂ 3.5 ಫ್ಯಾಟ್, 8.5 ಎಸ್‌ಎನ್‌ಎಫ್ ಆಗಿದ್ದರೆ ಚುಕ್ಕಿಗಳೆಲ್ಲ ಒಂದೇ ಸರಳರೇಖೆಯಲ್ಲಿ ಸಾಲಾಗಿ ಕೂರುತ್ತಿದ್ದವು.

ಸ್ಕೇಲು ಮಾಡುವ ಕೆಲಸ ಇಷ್ಟೇ. ಅದನ್ನು ಎಕ್ಸ್ = 5 ಎಂಬಲ್ಲಿ ನಿಲ್ಲಿಸಿದಾಗ ‘5 ಕೊಟ್ಟರೆ ಏನು ಬರುತ್ತದೆ?’ ಎಂದು ನಕ್ಷೆಯನ್ನು ಕೇಳಿದ ಹಾಗೆ. ಸ್ಕೇಲಿಗೆ ತಗುಲಿದ ಬಿಂದುಗಳೆಲ್ಲ ಆ ಒಂದೇ ಪ್ರಶ್ನೆಗೆ ಬಂದ ಉತ್ತರಗಳು. ಒಂದು ಎಕ್ಸ್‌ಗೆ ಒಂದೇ ವೈ ಇರಬೇಕೆಂಬುದು ಫಂಕ್ಷನ್‌ನ ವ್ಯಾಖ್ಯೆ. ಎರಡು ತಗುಲಿದರೆ ವ್ಯಾಖ್ಯೆ ಮುರಿಯಿತು.

ಈಗ ನಿನ್ನ ವೃತ್ತ. ಕೇಂದ್ರ ಮೂಲಬಿಂದುವಿನಲ್ಲಿ, ತ್ರಿಜ್ಯ 5 ಎಂದಿಟ್ಟುಕೊ. ಎಕ್ಸ್ ವರ್ಗ + ವೈ ವರ್ಗ = 25. ಎಕ್ಸ್ = 3 ಹಾಕು: ವೈ ವರ್ಗ 16, ಆದ್ದರಿಂದ ವೈ 4 ಕೂಡ ಹೌದು, −4 ಕೂಡ ಹೌದು. ‘ಎಕ್ಸ್ = 3 ಆದಾಗ ವೈಗೆ 4 ಮತ್ತು −4 ಎಂಬ ಎರಡು ಬೆಲೆಗಳು ಬರುತ್ತವೆ. ಫಂಕ್ಷನ್‌ನಲ್ಲಿ ಒಂದು ಎಕ್ಸ್‌ಗೆ ಒಂದೇ ವೈ ಇರಬೇಕು’ ಎಂದು ಬರೆದಿದ್ದರೆ ಆ ಇನ್ನೊಂದು ಅಂಕ ಯಾರೂ ಕಸಿಯುತ್ತಿರಲಿಲ್ಲ.

ಇದೇ ವೃತ್ತದಲ್ಲಿ ಹುಡುಗರು ಎಡವುವ ಜಾಗ ಇನ್ನೆರಡಿವೆ. ಎಕ್ಸ್ = 5ರಲ್ಲಿ ಸ್ಕೇಲು ವೃತ್ತವನ್ನು ಒಂದೇ ಕಡೆ ಸವರಿ ನಿಲ್ಲುತ್ತದೆ. ಅಲ್ಲೊಂದು ಕಡೆ ನೋಡಿ ‘ಪಾಸು’ ಎನ್ನುವವರಿದ್ದಾರೆ. ಪಾಸು ಮಾಡಲು ಸ್ಕೇಲನ್ನು ಎಡದಿಂದ ಬಲದವರೆಗೆ ಪೂರ್ತಿ ಸರಿಸಬೇಕು, ಫೇಲು ಮಾಡಲು ಒಂದೇ ಒಂದು ಜಾಗ ಸಾಕು. ಇನ್ನು ಎಕ್ಸ್ = 6ರಲ್ಲಿ ಸ್ಕೇಲು ಏನನ್ನೂ ಮುಟ್ಟುವುದಿಲ್ಲ. ಅದು ದೋಷವಲ್ಲ. 6 ಅದರ ಕ್ಷೇತ್ರದಲ್ಲೇ, ಅಂದರೆ ಕೊಡಬಹುದಾದ ಎಕ್ಸ್ ಬೆಲೆಗಳ ಗುಂಪಿನಲ್ಲೇ ಇಲ್ಲ, ಅಲ್ಲಿ ಪ್ರಶ್ನೆ ಕೇಳುವ ಹಕ್ಕು ನಮಗಿಲ್ಲ. ವೃತ್ತದ ಕೆಳಗಿನ ಅರ್ಧವನ್ನು ಅಳಿಸಿ ಮೇಲಿನದನ್ನಷ್ಟೇ ಉಳಿಸಿಕೊಂಡರೆ ಅದು ಲಕ್ಷಣವಾದ ಫಂಕ್ಷನ್.

ಅಡ್ಡಗೆರೆ ಕೇಳುವುದು ತಿರುವುಮುರುವಾದ ಪ್ರಶ್ನೆ: ‘ಇಷ್ಟೇ ರೂಪಾಯಿ ಯಾರು ಯಾರಿಗೆ ಬಂತು?’ ಹತ್ತು ಜನರಿಗೆ ಬಂದಿರಬಹುದು, ಅದರಿಂದ ಫಂಕ್ಷನ್‌ಗೆ ಯಾವ ಕುಂದೂ ಇಲ್ಲ. ಒಂದಕ್ಕೊಂದು ಫಂಕ್ಷನ್ (ಒಂದು ವೈ ಒಂದೇ ಎಕ್ಸ್‌ನಿಂದ ಬರುವಂಥದ್ದು) ಹೌದೋ ಅಲ್ಲವೋ ಎಂದು ನೋಡುವಾಗ ಅಡ್ಡಗೆರೆ ಬೇಕಾಗುತ್ತದೆ. ಆ ಪಾಠ ಬರಲಿ, ಆಗ ಬರೆ.

ಪ್ರಶ್ನೆ: ಮಾನ್ಯರೇ, ನಾನು ಹವಾಮಾನ ವೀಕ್ಷಕನಾಗಿ ನಿವೃತ್ತನಾದವನು. ನೆನಪಿಗೆಂದು ಇಟ್ಟುಕೊಂಡಿದ್ದ ಎರಡು ಹಳೆಯ ಚಾರ್ಟುಗಳ ಮೇಲೆ ಮೊಮ್ಮಗಳು ಸ್ಕೇಲಿಟ್ಟು ‘ತಾತಾ, ಎರಡೂ ಫಂಕ್ಷನ್ ಅಲ್ಲ’ ಎಂದು ತೀರ್ಪು ಕೊಟ್ಟಿದ್ದಾಳೆ. ಮಳೆಮಾಪಕದ ಚಾರ್ಟಿನಲ್ಲಿ ಗೆರೆ ಹಲವು ಕಡೆ ನೆಟ್ಟಗೆ ಕೆಳಗೆ ಬಿದ್ದಿದೆ. ಥರ್ಮೋಗ್ರಾಫಿನ ಚಾರ್ಟಿನಲ್ಲಿ ಒಂದು ಕಡೆ ಸ್ಕೇಲಿಗೆ ಗೆರೆ ಎರಡು ಸಲ ಸಿಗುತ್ತದೆ. ಒಂದು ಹೊತ್ತಿನಲ್ಲಿ ಎರಡು ಉಷ್ಣಾಂಶ ಇರಲು ಸಾಧ್ಯವೇ? ಉಪಕರಣ ಕೆಟ್ಟಿರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.
— ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನ ಸೋದರಮಾವ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ನಿಮ್ಮ ಕೆಲಸವನ್ನೇ ಮಾಡುತ್ತಿದ್ದರು. ರಜೆಗೆ ಹೋದಾಗ ಬೆಳಿಗ್ಗೆ 8:30ಕ್ಕೆ ಚಾರ್ಟ್ ಬದಲಿಸಲು ಅವರ ಬೆನ್ನಿಗೇ ನಾನೂ ಹೊರಡುತ್ತಿದ್ದೆ. ಬೇಗ ಒಣಗದ ಆ ನೇರಳೆ ಮಸಿ ಬೆರಳಿಗೆ ಹತ್ತಿದರೆ ಊಟದ ಹೊತ್ತಿಗೂ ಹೋಗುತ್ತಿರಲಿಲ್ಲ. ಅತ್ತೆಯ ಬೈಗುಳ ಇಬ್ಬರಿಗೂ ಸಮಪಾಲು.

ಇತರ ಓದುಗರಿಗಾಗಿ ಉಪಕರಣದ ಬಗ್ಗೆ ಎರಡು ಮಾತು. ಆಲಿಕೆಯಿಂದ ಇಳಿದ ಮಳೆನೀರು ಒಳಗಿನ ಪಾತ್ರೆಗೆ ಬೀಳುತ್ತದೆ. ಅಲ್ಲಿರುವ ತೇಲುಬುರುಡೆ ನೀರಿನೊಂದಿಗೆ ಮೇಲೇರುತ್ತದೆ, ಅದರ ಕಡ್ಡಿಗೆ ಕಟ್ಟಿದ ಲೇಖನಿಯೂ ಏರುತ್ತದೆ. ಲೇಖನಿಯ ಮುಂದೆ ಗಡಿಯಾರದ ಯಂತ್ರದಿಂದ ದಿನಕ್ಕೊಂದು ಸುತ್ತು ತಿರುಗುವ ಉರುಳೆ, ಅದರ ಮೇಲೆ ಚಾರ್ಟು. ಮಳೆ ನಿಂತಿದ್ದರೆ ಗೆರೆ ಅಡ್ಡಕ್ಕೆ ಮಲಗಿರುತ್ತದೆ, ಜೋರಾದಷ್ಟೂ ಕಡಿದಾಗಿ ಏರುತ್ತದೆ. 10 ಮಿಲಿಮೀಟರ್ ತುಂಬಿದೊಡನೆ ಸೈಫನ್ ನಳಿಗೆ ನೀರನ್ನೆಲ್ಲ ಎಳೆದು ಹೊರಹಾಕುತ್ತದೆ, ಲೇಖನಿ ಸೊನ್ನೆಗೆ ಕುಸಿಯುತ್ತದೆ, ಮಳೆ ಸುರಿಯುತ್ತಿದ್ದರೆ ಮತ್ತೆ ಏರಲು ತೊಡಗುತ್ತದೆ. ಮಲೆನಾಡಿನ ಜುಲೈ ತಿಂಗಳ ಚಾರ್ಟು ನೋಡಿದರೆ ಮರ ಕೊಯ್ಯುವ ಗರಗಸ ನೆನಪಾಗುತ್ತದೆ.

ನಿಮ್ಮ ಮೊಮ್ಮಗಳು ಕಂಡದ್ದು ಆ ಗರಗಸದ ಹಲ್ಲಿನ ನೆಟ್ಟ ಬದಿ. ಆದರೆ ಸೈಫನ್ ಕೆಲಸ ಮಾಡಲು ಕೆಲವು ಸೆಕೆಂಡುಗಳಾದರೂ ಬೇಕು. ಆ ಸೆಕೆಂಡುಗಳಲ್ಲೂ ಉರುಳೆ ತಿರುಗುತ್ತಲೇ ಇತ್ತು. ಇಡೀ ದಿನವನ್ನು ಗೇಣಿಗಿಂತ ತುಸು ಉದ್ದದ ಕಾಗದದಲ್ಲಿ ಹಿಡಿಸಿರುವಾಗ ಮಸಿಯ ಗೆರೆಯ ದಪ್ಪವೇ ಒಂದೆರಡು ನಿಮಿಷ ನುಂಗುತ್ತದೆ. ಕೆಲವು ಸೆಕೆಂಡಿನ ಓರೆ ಕಣ್ಣಿಗೆ ಹೇಗೆ ಕಾಣಬೇಕು? ಉರುಳೆಯನ್ನು ಸಾವಿರ ಪಟ್ಟು ವೇಗವಾಗಿ ತಿರುಗಿಸಿದ್ದರೆ ಆ ಬದಿಯೂ ಇಳಿಜಾರಾಗಿಯೇ ಮೂಡುತ್ತಿತ್ತು. ಪಾತ್ರೆಯಲ್ಲಿ ಯಾವ ಕ್ಷಣದಲ್ಲೂ ನೀರಿನ ಮಟ್ಟ ಒಂದೇ. ನಿಮ್ಮ ಚಾರ್ಟು ಪಾಸು.

ಮಗುವಿಗೆ ಇನ್ನೊಂದು ಲೆಕ್ಕ ಕೊಡಿ. ಸೊನ್ನೆಯಿಂದ ಹೊರಟ ಲೇಖನಿ ಏಳು ಸಲ ಬಿದ್ದು, ಮರುದಿನ 8:30ಕ್ಕೆ 4ರಲ್ಲಿ ನಿಂತಿತ್ತು ಎನ್ನಿ. ಏಳು ಹತ್ತು ಎಪ್ಪತ್ತು, ಅದಕ್ಕೆ ನಾಲ್ಕು ಕೂಡಿಸಿ 74 ಮಿಲಿಮೀಟರ್ ಎಂದು ನೀವು ಬರೆದುಕೊಳ್ಳುತ್ತಿದ್ದಿರಿ. ಈಗ 74ನ್ನು 10ರಿಂದ ಭಾಗಿಸಲಿ: 7.4. ಚುಕ್ಕಿಯ ಎಡಕ್ಕಿರುವ 7 ಬಿದ್ದ ಸಲಗಳು, ಬಲಕ್ಕಿರುವ 4 ಲೇಖನಿ ನಿಂತ ಜಾಗ. ಪ್ರಥಮ ಪಿಯುಸಿ ಪುಸ್ತಕದ ಮಹತ್ತಮ ಪೂರ್ಣಾಂಕ ಫಂಕ್ಷನ್ ಎಂದರೆ ಆ 7. ಸೈಫನ್ ಮಳೆಮಾಪಕ ಅದನ್ನು ಕಳೆದು ಉಳಿದ ಭಿನ್ನಾಂಶವನ್ನು ಬರೆಯುವ ಯಂತ್ರ. ಇದು ನನಗೆ ಹೊಳೆದದ್ದು ಪಾಠ ಮಾಡಲು ತೊಡಗಿ ಹನ್ನೆರಡು ವರ್ಷವಾದ ಮೇಲೆ. ಮಾವ ಆಗ ಇರಲಿಲ್ಲ, ಹೇಳಿಕೊಳ್ಳಲು.

ಪುಸ್ತಕದಲ್ಲಿ ಮಾತ್ರ ಇಳಿಯಲು ಸೆಕೆಂಡುಗಳೂ ಇಲ್ಲ, ಒಂದೇ ನೆಗೆತ. ಹಾಗಾಗಿ ನೆಗೆದ ಆ ಬಿಂದುವಿನಲ್ಲಿ ಬೆಲೆ 10 ಎನ್ನಬೇಕೋ 0 ಎನ್ನಬೇಕೋ ಎಂದು ಮೊದಲೇ ತೀರ್ಮಾನಿಸಿ, ಒಂದು ಕಡೆ ತುಂಬಿದ ಚುಕ್ಕಿ, ಇನ್ನೊಂದು ಕಡೆ ಟೊಳ್ಳು ಚುಕ್ಕಿ ಹಾಕುತ್ತಾರೆ. ಟೊಳ್ಳು ಚುಕ್ಕಿ ಎಂದರೆ ಆ ಬಿಂದು ನಕ್ಷೆಗೆ ಸೇರಿಲ್ಲ ಎಂದು. ಎರಡನ್ನೂ ಪೆನ್ಸಿಲಿನಿಂದ ಜೋಡಿಸಿ ನೆಟ್ಟಗೆರೆ ಎಳೆಯುವ ಹುಡುಗರು ಸುಖಾಸುಮ್ಮನೆ ಅಂಕ ಕಳೆದುಕೊಳ್ಳುತ್ತಾರೆ.

ಥರ್ಮೋಗ್ರಾಫಿನ ಕಥೆ ಬೇರೆ, ಮತ್ತು ನನಗೆ ಅದೇ ಹೆಚ್ಚು ಇಷ್ಟ. ಮಳೆಮಾಪಕದ ಲೇಖನಿ ಕಡ್ಡಿಯ ಜೊತೆ ನೇರವಾಗಿ ಏರಿಳಿಯುತ್ತದೆ. ಥರ್ಮೋಗ್ರಾಫಿನಲ್ಲಿ ಹಾಗಲ್ಲ: ಎರಡು ಲೋಹಗಳನ್ನು ಬೆಸೆದ ಪಟ್ಟಿ ಬಿಸಿಗೆ ಬಾಗುತ್ತದೆ, ಆ ಬಾಗು ಒಂದು ಉದ್ದ ತೋಳನ್ನು ತಿರುಗಿಸುತ್ತದೆ, ತೋಳಿನ ತುದಿಯಲ್ಲಿ ಲೇಖನಿ. ಕೀಲಿನ ಸುತ್ತ ತಿರುಗುವ ತೋಳಿನ ತುದಿ ಬಾಗಿದ ದಾರಿಯಲ್ಲಷ್ಟೇ ಚಲಿಸಬಲ್ಲದು. ಅದಕ್ಕೇ ಆ ಚಾರ್ಟಿನ ಮೇಲೆ ಗಂಟೆಯ ಗೆರೆಗಳನ್ನು ಬಿಲ್ಲಿನಂತೆ ಬಾಗಿಸಿ ಅಚ್ಚು ಹಾಕಿರುತ್ತಾರೆ. ಹೊರತೆಗೆದು ನೋಡಿ, ಇವತ್ತಿಗೂ ಕಾಣುತ್ತದೆ.

ಏಪ್ರಿಲ್ ತಿಂಗಳ ಒಂದು ಸಂಜೆ ಗುಡುಗು ಮಳೆ ಬಂದು ಗಾಳಿ ತಟಕ್ಕನೆ ತಣ್ಣಗಾಯಿತು ಎಂದುಕೊಳ್ಳಿ. ಲೇಖನಿ ಹೆಚ್ಚುಕಡಿಮೆ ಆ ಬಿಲ್ಲಿನ ಮೇಲೆಯೇ ಜಾರಿ ಕೆಳಗಿಳಿಯುತ್ತದೆ. ಬಿಲ್ಲಿನ ಮೇಲೆ ಸ್ಕೇಲನ್ನು ನೆಟ್ಟಗಿಟ್ಟರೆ ಎರಡು ಕಡೆ ತಗುಲದೆ ಇರುತ್ತದೆಯೇ, ಬಿಲ್ಲಿನ ಹೆದೆ ತಗುಲುವ ಹಾಗೆ? ಮೊಮ್ಮಗಳು ಸ್ಕೇಲನ್ನು ಬದಿಗಿಟ್ಟು ಅಚ್ಚಾದ ಬಾಗುಗೆರೆಯನ್ನೇ ಅಳತೆಗೋಲಾಗಿ ಹಿಡಿಯಲಿ. ಆ ಗೆರೆಯ ಮೇಲಿರುವ ಬಿಂದುಗಳೆಲ್ಲ ಒಂದೇ ಹೊತ್ತಿನವು, ನೇರ ಸ್ಕೇಲಿನ ಮೇಲಿರುವವು ಅಲ್ಲ. ನಮ್ಮ ಗ್ರಾಫ್ ಹಾಳೆಯಲ್ಲಿ ಒಂದೇ ಎಕ್ಸ್ ಇರುವ ಬಿಂದುಗಳು ನೆಟ್ಟಗಿನ ಸಾಲಿನಲ್ಲಿ ಸಿಗುತ್ತವೆಂದು ಪರೀಕ್ಷೆಗೆ ಲಂಬರೇಖೆಯ ಹೆಸರು ಬಂತು. ಹಾಳೆ ಬದಲಾದರೆ ಗೆರೆಯೂ ಬದಲಾಗಬೇಕು.

ಬಾಗುಗೆರೆ ಹಿಡಿದು ನೋಡಿದರೂ ಎರಡು ಸಲ ಸಿಕ್ಕಿದರೆ ಯಾರೋ ಉರುಳೆಯನ್ನು ಹಿಂದಕ್ಕೆ ತಿರುಗಿಸಿರಬಹುದು. ಸಮಯದ ಗುರುತಿಗಾಗಿ ನೀವೇ ಲೇಖನಿಯನ್ನು ತುಸು ಅಲುಗಿಸಿ ಹಾಕಿದ ಪುಟ್ಟ ಗೆರೆಯೂ ಇರಬಹುದು. ಅದು ಹವಾಮಾನದ್ದಲ್ಲ, ನಿಮ್ಮದು. ಲೆಕ್ಕಕ್ಕಿಲ್ಲ.

ಪ್ರಶ್ನೆ: ಮಗಳ ಮೊಬೈಲಿನ ಗ್ರಾಫ್ ಆ್ಯಪ್‌ನಲ್ಲಿ ಟ್ಯಾನ್ ನಕ್ಷೆ ಬರೆಸಿದರೆ 90 ಡಿಗ್ರಿಯಲ್ಲಿ ಮೇಲಿಂದ ಕೆಳಗಿನವರೆಗೆ ನೆಟ್ಟಗೆರೆಯೊಂದು ಬರುತ್ತದೆ. ಹಾಗಾದರೆ ಟ್ಯಾನ್ ಫಂಕ್ಷನ್ ಅಲ್ಲವೇ?
— ಗೃಹಿಣಿ, ಹಾಸನ

ಉತ್ತರ: ಯಂತ್ರದ ಅತ್ಯುತ್ಸಾಹ, ತಾಯಿ. ಅದು ಅಲ್ಲೊಂದು ಇಲ್ಲೊಂದು ಬಿಂದು ಲೆಕ್ಕ ಹಾಕಿ ಮಧ್ಯೆ ಗೆರೆ ಎಳೆಯುತ್ತದೆ. 89 ಡಿಗ್ರಿಗೆ ಟ್ಯಾನ್ ಸುಮಾರು 57.29, 91ಕ್ಕೆ −57.29. ಈ ಎರಡನ್ನು ಜೋಡಿಸಿಬಿಟ್ಟಿದೆ. 90ರಲ್ಲಿ ಟ್ಯಾನ್‌ಗೆ ಬೆಲೆಯೇ ಇಲ್ಲ, ಅಲ್ಲಿ ಚುಕ್ಕಿ ಕೂಡ ಇರಬಾರದು. ಮಗಳ ನೋಟ್‌ಬುಕ್ಕಿನಲ್ಲಿ ಅಲ್ಲೊಂದು ಚುಕ್ಕೆಗೆರೆ ಹಾಕಿದ್ದರೆ ಅದು ಬೇಲಿ ಮಾತ್ರ, ಬೆಳೆಯಲ್ಲ.

ಪ್ರಶ್ನೆ: ‘ಒಂದು ಎಕ್ಸ್‌ಗೆ ಒಂದೇ ವೈ’ ಎಂಬ ಕಟ್ಟುಪಾಡು ಮೊದಲಿನಿಂದಲೂ ಇತ್ತೇ? ಈ ಲಂಬರೇಖೆ ಪರೀಕ್ಷೆ ಎಲ್ಲಾದರೂ ಮೋಸ ಮಾಡುತ್ತದೆಯೇ?
— ಪ್ರೌಢಶಾಲಾ ಶಿಕ್ಷಕರು, ಧಾರವಾಡ

ಉತ್ತರ: ಇರಲಿಲ್ಲ. ಫಂಕ್ಷನ್ ಎಂಬ ಶಬ್ದವನ್ನು ಜರ್ಮನ್ ಗಣಿತಜ್ಞ ಲೈಬ್ನಿಟ್ಸ್ ಬಳಸಿದ್ದು 1673ರಲ್ಲಿ, ವಕ್ರರೇಖೆಗಳ ವಿಷಯ ಬರೆಯುವಾಗ. ಸ್ವಿಸ್ ಗಣಿತಜ್ಞ ಆಯ್ಲರ್ 1748ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಫಂಕ್ಷನ್ ಎಂದರೆ ಚರಾಕ್ಷರ ಮತ್ತು ಸಂಖ್ಯೆಗಳಿಂದ ಕಟ್ಟಿದ ಒಂದು ಸೂತ್ರ. ಒಂದು ಎಕ್ಸ್‌ಗೆ ಹಲವು ಬೆಲೆ ಕೊಡುವ ಸೂತ್ರಗಳನ್ನೂ ಅವರು ಫಂಕ್ಷನ್ ಬಳಗದಿಂದ ಹೊರಗಿಡಲಿಲ್ಲ, ಬಹುಬೆಲೆಯವು ಎಂದು ಬೇರೆ ಪಂಕ್ತಿಯಲ್ಲಿ ಕೂರಿಸಿದರು, ಅಷ್ಟೇ. ಆಯ್ಲರ್ ನಮ್ಮ ಪಿಯು ಪರೀಕ್ಷೆ ಬರೆದಿದ್ದರೆ ವೃತ್ತದ ಪ್ರಶ್ನೆಯಲ್ಲಿ ಜಗಳವಾಗುತ್ತಿತ್ತು. ಸೂತ್ರವಿರಲಿ ಇಲ್ಲದಿರಲಿ, ಪ್ರತಿ ಎಕ್ಸ್‌ಗೂ ನಿಶ್ಚಿತವಾದ ಒಂದೇ ವೈ ಇದ್ದರೆ ಸಾಕು ಎಂಬ ಮಾತು ಜರ್ಮನ್ ಗಣಿತಜ್ಞ ಡಿರಿಶ್ಲೆ 1837ರಲ್ಲಿ ಬರೆದದ್ದರಲ್ಲಿ ಸ್ಪಷ್ಟವಾಗಿ ಸಿಗುತ್ತದೆ.

ಮೋಸ ಮಾಡುವ ಉದಾಹರಣೆಯೂ ಅವರದೇ, 1829ರದು. ಎಕ್ಸ್ ಭಾಗಲಬ್ಧ ಸಂಖ್ಯೆಯಾದರೆ (ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದರೆ) ಬೆಲೆ 1, ಅಭಾಗಲಬ್ಧವಾದರೆ 0 ಎಂದು ಇಟ್ಟುಕೊಳ್ಳಿ. ಇದರ ನಕ್ಷೆಯನ್ನು ಎಷ್ಟೇ ಚೂಪಾದ ಪೆನ್ಸಿಲಿನಿಂದ ಬರೆದರೂ ಕಣ್ಣಿಗೆ ಕಾಣುವುದು ಎರಡು ಅಡ್ಡಗೆರೆ, ಒಂದು 1ರ ಎತ್ತರದಲ್ಲಿ, ಇನ್ನೊಂದು ಅಕ್ಷದ ಮೇಲೆಯೇ. ಎಲ್ಲಿ ಸ್ಕೇಲು ನಿಲ್ಲಿಸಿದರೂ ಎರಡನ್ನೂ ಮುಟ್ಟಿದ ಹಾಗೆ ತೋರುತ್ತದೆ. ಆದರೆ ಒಂದು ಸಂಖ್ಯೆ ಭಾಗಲಬ್ಧವೂ ಅಭಾಗಲಬ್ಧವೂ ಆಗಿರಲು ಸಾಧ್ಯವಿಲ್ಲ. ನಿಜವಾಗಿ ಸ್ಕೇಲಿಗೆ ಸಿಗುವುದು ಒಂದೇ ಬಿಂದು, ಅದರ ಜೋಡಿಯ ಜಾಗದಲ್ಲಿ ಸೂಜಿಮೊನೆಗೂ ಕಾಣದ ತೂತು. ಇದು ನಿರ್ದೋಷವಾದ ಫಂಕ್ಷನ್. ತರಗತಿಯಲ್ಲಿ ಇದನ್ನು ಹೇಳಿದ ದಿನ ಹಿಂದಿನ ಬೆಂಚಿನವರು ಎದ್ದು ಕೂರುತ್ತಾರೆ, ಪ್ರಯತ್ನಿಸಿ ನೋಡಿ. ಹೇಗೂ ಆ ದಿನ ಸಿಲೆಬಸ್ ಮುಂದೆ ಸಾಗುವುದಿಲ್ಲ.

ಪ್ರಶ್ನೆ: ಮೇಷ್ಟ್ರೇ, ನಾನು ಆಗುಂಬೆ ಘಾಟಿಯಲ್ಲಿ ಮಿನಿ ಬಸ್ ಓಡಿಸುತ್ತೇನೆ. ಮಗನ ಪುಸ್ತಕದಲ್ಲಿ ಈ ಗೆರೆಯ ಪರೀಕ್ಷೆ ನೋಡಿದೆ. ನಮ್ಮ 14 ತಿರುವಿನ ರಸ್ತೆಯ ನಕ್ಷೆಯ ಮೇಲೆ ಸ್ಕೇಲಿಟ್ಟರೆ ಲೆಕ್ಕವಿಲ್ಲದಷ್ಟು ಕಡೆ ತಗುಲುತ್ತದೆ. ನಮ್ಮ ರಸ್ತೆ ಫೇಲೇ?
— ಚಾಲಕರು, ಸೋಮೇಶ್ವರ

ಉತ್ತರ: ಆ ರಸ್ತೆಯಲ್ಲಿ ದಿನಾ ಬಸ್ಸು ಇಳಿಸುವವರಿಗೆ ಫೇಲು ಎನ್ನುವ ಧೈರ್ಯ ನನಗಿಲ್ಲ. ಭೂಪಟದ ಮೇಲೆ ಹೌದು, ಅದು ಫಂಕ್ಷನ್ ಅಲ್ಲ. ‘ಪೂರ್ವಪಶ್ಚಿಮದಲ್ಲಿ ಇಷ್ಟು ದೂರ ಬಂದಾಗ ಉತ್ತರದಲ್ಲಿ ಎಲ್ಲಿರುತ್ತೇನೆ?’ ಎಂದು ಕೇಳಿದರೆ ಮಡಿಕೆ ಮಡಿಕೆಯಾದ ರಸ್ತೆ ಹಲವು ಉತ್ತರ ಕೊಡುತ್ತದೆ. ಆದರೆ ನೀವು ಹಾಗೆ ಕೇಳಿ ಬಸ್ಸು ಓಡಿಸುವುದಿಲ್ಲ. ನಿಮ್ಮ ಕಣ್ಣಿರುವುದು ಮೀಟರಿನ ಕಿಲೋಮೀಟರ್ ಮೇಲೆ. ಆಗುಂಬೆಯಿಂದ ಇಷ್ಟು ಕಿಲೋಮೀಟರ್ ಇಳಿದಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದರೆ ಒಂದೇ ಉತ್ತರ. ಅಡ್ಡಕ್ಕೆ ಕಿಲೋಮೀಟರ್, ನೆಟ್ಟಗೆ ಎತ್ತರ ಹಾಕಿ ನಕ್ಷೆ ಬರೆದರೆ ತಿರುವುಗಳೆಲ್ಲ ಮಾಯವಾಗಿ ಇಳಿಜಾರಿನ ಒಂದು ಗೆರೆ ಉಳಿಯುತ್ತದೆ, ಸ್ಕೇಲಿಗೆ ಪ್ರತಿ ಸಲವೂ ಒಂದೇ ಬಿಂದು.

ಗಡಿಯಾರ ಹಿಡಿದರೂ ಅಷ್ಟೇ. ಇಷ್ಟು ಹೊತ್ತಿಗೆ ಬಸ್ಸು ಎಲ್ಲಿತ್ತು ಎಂಬುದಕ್ಕೆ ಒಂದೇ ಜಾಗ. ತಿರುಗಿಸಿ ಕೇಳಿದರೆ ಕೆಡುತ್ತದೆ: ನಾಲ್ಕನೇ ತಿರುವಿನಲ್ಲಿ ಎಷ್ಟು ಹೊತ್ತಿಗೆ ಇದ್ದಿರಿ ಎಂದರೆ ಬೆಳಗಿನ ಟ್ರಿಪ್ಪಿನದು ಒಂದು ಉತ್ತರ, ಸಂಜೆಯದು ಇನ್ನೊಂದು. ಮಗನಿಗೆ ಇದನ್ನೇ ಹೇಳಿಕೊಡಿ. ಒಂದೇ ಹೊತ್ತಿಗೆ ಬಸ್ಸು ಎರಡು ತಿರುವುಗಳಲ್ಲಿ ಇತ್ತೆಂದು ನಿಮ್ಮ ಲಾಗ್‌ಶೀಟಿನಲ್ಲಿ ಬರೆದಿದ್ದರೆ ಮಾತ್ರ ನನಗೆ ಪತ್ರ ಬರೆಯಬೇಡಿ, ಮೊದಲು ನಿಮ್ಮ ಮಾಲೀಕರನ್ನು ಕಾಣಿ.